ಏಳನೇ ವಾರದ ಹಳದಿ ಎಲೆ

ಜರ್ಮನಿಯ ಲೈಪ್‌ಜಿಗ್‌ನ ಟ್ರ್ಯಾಮಿನಲ್ಲಿ ಮುಂದಿನ ಸೀಟಿನ ಮುದುಕಿ ತನ್ನ ಪಕ್ಕ ಕೂತಿದ್ದವನಿಗೆ ಹಳದಿಯಾದ ಗಾಂಜಾ ಎಲೆಯೊಂದನ್ನು ತೋರಿಸಿದಾಗ, ನಿವೃತ್ತ ಪೊಲೀಸ್ ಅಧಿಕಾರಿ ಎಕಾರ್ಟ್ ಹಳೆಯ ಚಾಳಿಯಂತೆ ಕಿವಿ ನೆಟ್ಟಗೆ ಮಾಡಿದ.

“ನೋಡಪ್ಪ ಡೀಟ್ಮಾರ್, ಕೋಣೇಲಿ ದೀಪ ಹಾಕಿ ಮಕ್ಕಳ ಥರ ಸಾಕಿದ್ದೆ. ಹೀಗಾಯ್ತು.”

“ಮೇಲಿನ ಎಲೆನೋ, ಕೆಳಗಿಂದೋ?”

“ಕೆಳಗಿಂದು.”

“ಹೂ ಬಿಟ್ಟು ಎಷ್ಟು ದಿನ ಆಯ್ತು?”

“ಏಳು ವಾರ.”

“ಹಾಗಾದ್ರೆ ರೋಗ ಅಲ್ಲ ರೋಸ್ವಿತಮ್ಮ. ಕೆಳಗಿನ ಎಲೆ ತನ್ನ ಸತ್ವಾನೆಲ್ಲ ಹೂವಿಗೆ ಕೊಟ್ಟು ಹಣ್ಣಾಗ್ತಿದೆ, ಅಷ್ಟೇ.”

“ಮತ್ತೆ ಗೊಬ್ಬರ?”

“ಈಗ ಹಾಕಿದ್ರೆ ಹೂವೇ ಕೆಡುತ್ತೆ!”

“ಅಬ್ಬಾ, ಬದುಕಿದೆ! ನಮ್ಮೆಜಮಾನ್ರ ಬೆನ್ನುನೋವಿಗೆ ಇದೊಂದೇ ಮದ್ದು.”

ಇಬ್ಬರೂ ನಗುತ್ತಾ ಇಳಿದುಹೋದರು.

ಮೂವತ್ತು ವರ್ಷ ಇಂಥ ಗಿಡಗಳನ್ನು ಕಿತ್ತು ಜಪ್ತಿ ಮಾಡಿದ್ದ ಎಕಾರ್ಟ್‌ಗೂ ಎದೆ ಹಗುರಾಯಿತು. ಮನೆಯಲ್ಲಿ ಬೆಳೆಸಲು ಕಾನೂನು ಈಗ ಒಪ್ಪಿರುವ, ಹೂ ಬಿಟ್ಟ ಮೇಲೆ ಕೆಳಗಿನ ಎಲೆ ಹೀಗೇ ಹಳದಿಯಾಗಿದ್ದ ತನ್ನ ಮೂರು ಗಿಡಗಳಿಗೆಂದು ಆಗಷ್ಟೇ ಕೊಂಡಿದ್ದ ಗೊಬ್ಬರದ ಬಾಟಲಿಯನ್ನು ವಾಪಸು ಕೊಡಲು ಮುಂದಿನ ನಿಲ್ದಾಣದಲ್ಲಿ ಇಳಿದ.