ಅಂಗಡಿಯ ಐವಾರ್

ಬೆಲ್‌ಗ್ರೇಡಿನ ಬಾಲ್ಕನಿಗಳಲ್ಲೆಲ್ಲ ಐವಾರ್ ಗೊಜ್ಜಿಗೆಂದು ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದ ಸೆಪ್ಟೆಂಬರ್ ಅದು. ಮೂಲೆಯ ಸೂಪರ್‌ಮಾರ್ಕೆಟ್ಟಿನ ಸಾಲಿನಲ್ಲಿ ಯಾಸ್ನಾಳ ಮುಂದೆ ಇಬ್ಬರು ಮುದುಕಿಯರಿದ್ದರು. ವಿದಾ ಎಂಬವಳ ಕೈಯಲ್ಲಿ ಐವಾರಿನ ಎರಡು ಸೀಸೆಗಳಿದ್ದವು.

“ಏನೇ ವಿದಾ, ಅಂಗಡಿ ಐವಾರಾ? ಅದೂ ಈ ಸುಲಿಗೆಕೋರರ ಹತ್ರ! ಈ ದುಡ್ಡಿಗೆ ಸಂತೇಲಿ ಒಂದು ಮೂಟೆ ಮೆಣಸಿನಕಾಯಿ ಬರುತ್ತೆ.”

“ಸಂತೆಗೆ ಹೋಗಿ ಬರೋಷ್ಟು ಹೊತ್ತು ತಾಸಾನ ಬಿಡೋಕಾಗಲ್ಲ ರಾದೋಯ್ಕಾ. ಇಲ್ಲಿಗೂ ಬೀಗ ಹಾಕ್ಕೊಂಡೇ ಬಂದಿದೀನಿ.”

“ಗಂಡನ್ನ ಕೂಡಿಹಾಕಿ ಬಂದ್ಯಾ?”

“ಮೊನ್ನೆ ಒಳಬಟ್ಟೇಲೇ ಹೋಗಿ ಟ್ರಾಮ್ ಹತ್ತಿ ಕೂತಿದ್ದ.”

ಯಾಸ್ನಾ ಕೇಳಿಸಿಕೊಳ್ಳದವಳಂತೆ ಬ್ರೆಡ್ಡಿನ ಹೊದಿಕೆ ಓದತೊಡಗಿದಳು.

“ಅಯ್ಯೋ ದೇವ್ರೇ! ಆದ್ರೂ ತಾಸಾ ಇದನ್ನ ಬಾಯಿಗಿಡ್ತಾನೇನೇ? ನನ್ನ ಐವಾರನ್ನೇ ಸೀದುಹೋಗಿದೆ ಅಂತ ಪಕ್ಕಕ್ಕೆ ತಳ್ಳಿದ ಮಹಾರಾಯ! ನೀನು ಮಾಡಿದ್ದು ಬಿಟ್ರೆ ಬೇರೆ ಮುಟ್ತಿರಲಿಲ್ಲ.”

“ನಾನೂ ಹಾಗೇ ಅಂದ್ಕೊಂಡಿದ್ದೆ. ಮೊದಲನೇ ಸೀಸೆ ತೆಗೆದಾಗ, ಈಗ ಬೈತಾನೆ, ಈಗ ಎತ್ತಿ ಎಸೀತಾನೆ ಅಂತ ಕಾದೆ.”

“ಎಸೆದ್ನಾ?”

“ಇಲ್ಲ ಕಣೇ. ತಟ್ಟೇನ ಬ್ರೆಡ್ಡಲ್ಲಿ ಒರೆಸಿ ಒರೆಸಿ ತಿಂದ. ಈ ವರ್ಷ ತುಂಬಾ ಚೆನ್ನಾಗಿ ಮಾಡಿದೀಯ ವಿದಾ, ಅಂದ.”

ರಾದೋಯ್ಕಾ ನಕ್ಕಳು. “ಸರಿಹೋಯ್ತು! ನಿನಗೆ ಒಲೆ ಮುಂದೆ ಬೇಯೋದು ತಪ್ಪಿತಲ್ಲ.”

“ಎಸೆದಿದ್ರೆ ಚೆನ್ನಾಗಿತ್ತು ರಾದೋಯ್ಕಾ. ನನ್ನ ಹಳೇ ತಾಸಾ ಇನ್ನೂ ಅವನೊಳಗೆಲ್ಲೋ ಇದಾನೆ ಅಂದ್ಕೋತಿದ್ದೆ.”

ರಾದೋಯ್ಕಾಳ ನಗು ಅಲ್ಲೇ ನಿಂತಿತು. ಅಷ್ಟರಲ್ಲಿ ವಿದಾಳ ಸರದಿ ಬಂತು. ಅವಳು ದುಡ್ಡು ಕೊಟ್ಟು, ಚಿಲ್ಲರೆಗೂ ಕಾಯದೆ, ಸೀಸೆಗಳನ್ನು ಎದೆಗವಚಿಕೊಂಡು ಬೀದಿ ದಾಟಿದಳು.