ಓಝೋನೋ, ಅಂಗಮಾರಿಯೋ

ಅರಕಲಗೂಡಿನ ಗೊಬ್ಬರದಂಗಡಿ ಸಾಲಿನಲ್ಲಿ ಕೆಂಪಣ್ಣ ಚುಕ್ಕೆ ಬಿದ್ದ ಆಲೂಗಡ್ಡೆ ಎಲೆ ಹಿಡಿದು ನಿಂತಿದ್ದ. ಜೊತೆಯಲ್ಲಿ ಎಂಎಸ್ಸಿ ಓದುವ ಮಗಳು ಸ್ಪಂದನಾ. ಹಿಂದೆ ತಾನೂ ಅಂಥದ್ದೇ ಎಲೆ ಹಿಡಿದು ನಿಂತಿದ್ದ ಕಾಂತರಾಜು ಕಿವಿಗೊಟ್ಟ.

“ಅಂಗಮಾರಿ ರೋಗ ಕಣವ್ವ. ಇವತ್ತೇ ಔಸ್ದಿ ಒಡೀಬೇಕು.”

“ಓಝೋನ್ ಇರ್ಬೋದಪ್ಪ. ನೆಲದತ್ರ ಜಾಸ್ತಿಯಾದ್ರೆ ಎಲೆ ಸುಡ್ತದೆ. ಉಪಗ್ರಹದಿಂದ ಅದ್ನ ಅಳೀತಾರೆ, ನಾವು ಓದ್ತಿರೋದು ಅದ್ನೇ.”

“ಅದ್ನ ಉಪಗ್ರಹ ಎಂಗೆ ಅಳೀತದೆ?”

“ಭೂಮಿಯಿಂದ ವಾಪಸ್ ಬರೋ ಬಿಸಿಲು ನೋಡ್ತದೆ. ಓಝೋನ್ ಎಷ್ಟು ನುಂಗೈತೋ ಅಷ್ಟು ಕಮ್ಮಿ ಬತ್ತದೆ.”

“ಅಂಗಾದ್ರೆ ನಮ್ಮೊಲದಲ್ಲಿ ಎಷ್ಟೈತೆ ಅಂತ ಏಳು.”

“ಮುಗಿಲಿಂದ ನೆಲದ್ವರ್ಗೂ ಸೇರ್ಸಿ ಒಟ್ಟು ಲೆಕ್ಕ ಕೊಡ್ತದೆ. ಒಲದ್ದೇ ಬೇರೆ ಸಿಗಲ್ಲ.”

“ಮತ್ತೆ ಗೊತ್ತಾಗೋದೆಂಗೆ?”

“ಎಲೆ ತಿರುಗ್ಸು. ಅಂಗಮಾರಿ ಆದ್ರೆ ಅಡೀಲಿ ಬಿಳಿ ಬೂಜು ಇರ್ತದೆ.”

ಕೆಂಪಣ್ಣ ತಿರುಗಿಸಿದ. ಬೂಜಿರಲಿಲ್ಲ.

“ನಿನ್ನ ಉಪಗ್ರಹದಂಗೆ ನಾನೂ ಬರೀ ಮ್ಯಾಲಿಂದ ನೋಡ್ಬುಟ್ಟೆ ಕಣವ್ವ. ನಡಿ, ಒಲದಾಗೆ ಇನ್ನೊಂದಷ್ಟು ಎಲೆ ತಿರುಗ್ಸಿ ನೋಡಾನ.”

ಇಬ್ಬರೂ ಸಾಲು ಬಿಟ್ಟು ಹೊರಟರು. ಕಾಂತರಾಜು ತನ್ನ ಕೈಲಿದ್ದ ಎಲೆಯನ್ನು ತಿರುಗಿಸಿದ.