ಮಾರಿಸ್ ಮೈನರ್ ಕಾರಿನ ಟಾಪು

ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ನ್ಯಾಮತಿ ಬಸ್ಸಿಗೆ ಕಾಯುತ್ತಿದ್ದ ರುದ್ರಾಣಿಯ ಹಿಂದಿನ ಬೆಂಚಿನಲ್ಲಿ ಹಿರಿಯರೊಬ್ಬರು ತಮ್ಮ ಭಾಮೈದನಿಗೆ ಬೈಯುತ್ತಿದ್ದರು.

“ಆ ಮಾರಿಸ್ ಮೈನರ್ ಕಾರು ರೆಡಿ ಮಾಡಾಕೆ ಎಂಟು ವರ್ಷ ಹಿಡೀತು ಕಣೋ ಪರಮೇಶಿ! ಗುಜರಿಯಿಂದ ತಂದು ಒಂದೊಂದು ನಟ್ಟೂ ಕೈಯಾರೆ ತಿಕ್ಕಿದ್ದೆ. ಮದುವೆ ಮೆರವಣಿಗೆಗೆ ಅಂತ ಕೊಟ್ರೆ, ಟಾಪೇ ಕೊಯ್ಸಿದೀಯಲ್ಲೋ!”

“ಗಂಡು ಹೆಣ್ಣು ಎದ್ದು ನಿಂತು ಕೈ ಬೀಸ್ಬೇಕಿತ್ತು ಭಾವ. ಫೋಟೋ ಎಷ್ಟು ಚೆಂದ ಬಂದಾವೆ ನೋಡ್ರಿ.”

“ನಿನ್ನ ಫೋಟೋಕ್ಕೆ ಬೆಂಕಿ ಬೀಳ! ಎಪ್ಪತ್ತು ವರ್ಷದ ಇಂಗ್ಲೆಂಡ್ ಗಾಡಿ ಅದು. ಅಂಥಾ ಟಾಪು ಇನ್ನೆಲ್ಲಿಂದ ತರ್ಲಿ?”

“ಹೊಸ ಸ್ಟೈಲ್ ಆತು ಅಂತ ಖುಷಿಪಡ್ತೀರಿ ಅನ್ಕೊಂಡಿದ್ದೆ.”

ಕಾರಿನ ಗಂಧಗಾಳಿಯೂ ಇಲ್ಲದ ರುದ್ರಾಣಿಗೂ ಮೈ ಉರಿಯಿತು. ಆದರೂ ತಿರುಗಿ ನೋಡದೆ ಕೂತಳು.

“ಕೊಯ್ದಿದ್ದು ಎಲ್ಲೈತೆ?” ಹಿರಿಯರು ಕೇಳಿದರು.

“ನಮ್ಮ ಹಿತ್ತಲಾಗೆ ಐತ್ರಿ. ಕೋಳಿಗೂಡಿಗೆ ಹೊದಿಸೀನಿ.”

ಅಷ್ಟರಲ್ಲಿ ಚನ್ನಗಿರಿ ಬಸ್ಸು ಬಂತು.

“ಏಳು, ನಿಮ್ಮೂರಿಗೇ ಹೋಗಾನ. ಕೋಳಿ ಮಳೆಯಾಗೆ ನೆನೀಲಿ, ನೀನೂ ನೆನಿ. ಟಾಪು ತಲೆ ಮೇಲೆ ಹೊತ್ಕೊಂಡು ವೆಲ್ಡಿಂಗ್ ಅಂಗಡಿಗೆ ನೀನೇ ಬರ್ಬೇಕು.”

ಬಸ್ಸು ಹತ್ತುವಾಗಲೂ ಅವರು ಭಾಮೈದನ ರಟ್ಟೆ ಬಿಟ್ಟಿರಲಿಲ್ಲ.